ಮೂಕಿಭಾರ

ಬೆಳಕು ಹರಿಯುವ ಹೊತ್ತಿಗೆ ಮನೆಗಳ ತೂಕ ಬರುತ್ತಿತ್ತು.

ಗಾಳಿ ನಿಲ್ಲುವುದೂ ಆಗಲೇ, ಜನ ಹೊರಳಾಟ ಮುಗಿಸಿ ಗಾಢ ನಿದ್ದೆಗೆ ಬೀಳುವುದೂ ಆಗಲೇ. ಗುಡ್ಡದ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತ ಗಾಡಿಮನೆಗಳು ಆ ಒಂದು ಗಳಿಗೆಯಲ್ಲಿ ತಮ್ಮ ಮುಂಗಾಲಿನ ಮೇಲೆ ಎಷ್ಟು ಭಾರ ಬಿದ್ದಿದೆಯೆಂದು ನಿಯಂತ್ರಣ ಕೊಠಡಿಗೆ ತಿಳಿಸಿ, ಮರುದಿನದವರೆಗೆ ಸುಮ್ಮನಾಗುತ್ತಿದ್ದವು. ಹುಲಿಗೆಮ್ಮ ಚಹಾದ ಲೋಟ ಹಿಡಿದು ಪರದೆಯ ಮುಂದೆ ಕೂರುತ್ತಿದ್ದಳು. ನಿಯಮದ ಪ್ರಕಾರ ಮೊದಲ ಸಾಲಿನ ಮೊದಲ ಮನೆಯಿಂದ ಶುರುಮಾಡಬೇಕು. ಅವಳು ಶುರುಮಾಡುತ್ತಿದ್ದದ್ದು ನಾಲ್ಕನೇ ಸಾಲಿನ ಕೊನೆಯ ಮನೆಯಿಂದ. ಅದು ಅವಳ ಗಂಡ ಪಂಪಾಪತಿಯ ಮನೆ. ಕಳೆದ ಬೇಸಿಗೆಯವರೆಗೆ ಅವಳದೂ ಆಗಿತ್ತು.

ಆ ಬೆಳಿಗ್ಗೆ ಆ ಮನೆಯ ಮೂಕಿಭಾರ ಇಳಿದಿತ್ತು.

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿಯ ಹಿಂದೆ ಭಾರ ಹೆಚ್ಚಾದರೆ ಮುಂದೆ ನೊಗದವರೆಗೆ ಚಾಚಿದ ಮರ, ಅಂದರೆ ಮೂಕಿ, ಮೇಲಕ್ಕೇಳುತ್ತದೆ. ನೊಗ ಎತ್ತಿನ ಹೆಗಲು ಬಿಟ್ಟು ಏಳುತ್ತದೆ. ಮುಂದೆ ಹೆಚ್ಚಾದರೆ ಎತ್ತುಗಳ ಕತ್ತು ಕುಸಿಯುತ್ತದೆ. ಎತ್ತುಗಳು ಹೋಗಿ ಎಂಜಿನ್ ಬಂದರೂ, ಎಂಜಿನ್ನಿನ ಮೇಲೆ ಕೂರುವ ಚಾಲಕನೂ ಇಲ್ಲವಾದರೂ, ಗಾಡಿಯ ಜಾಗದಲ್ಲಿ ಒಲೆ, ಮಂಚ, ದೇವರಗೂಡು ಸಮೇತ ಇಡೀ ಮನೆಯೇ ಬಂದು ನಿಂತರೂ ಈ ಲೆಕ್ಕ ಮಾತ್ರ ಬದಲಾಗಲಿಲ್ಲ. ಹಿಂಭಾರದ ಮನೆ ಇಳಿಜಾರಿನಲ್ಲಿ ಬಾಲ ಬೀಸುತ್ತದೆ. ಬಾಲ ಬೀಸತೊಡಗಿದ ಮನೆ ತನ್ನ ಮುಂದಿನ ಮನೆಗಳನ್ನೂ ಜೊತೆಗೆಳೆದುಕೊಂಡು ಹೋಗುತ್ತದೆ.

ಬಯಲಿನ ಬೇಸಿಗೆ ಮನುಷ್ಯರ ಮೈ ತಾಳುವ ಮಿತಿಯನ್ನು ದಾಟಿದ ಮೇಲೆ ಸಿರುಗುಪ್ಪ, ಸಿಂಧನೂರು, ಮಾನ್ವಿಯ ಕಡೆಯವರು ಬಿಸಿಲು ಏರುವ ಮೊದಲೇ ಮನೆಗಳನ್ನು ಎಳೆಸಿಕೊಂಡು ಸಂಡೂರಿನ ಗುಡ್ಡ ಹತ್ತುವುದು ರೂಢಿಯಾಗಿತ್ತು. ಅದಿರು ತೆಗೆದು ಬರಿದಾದ ಗಣಿಯ ಮೆಟ್ಟಿಲುಗಳೇ ಈಗ ಬೇಸಿಗೆಯ ಊರು. ಅದಿರಿನ ಲಾರಿಗಳು ಇಳಿಯುತ್ತಿದ್ದ ಕೆಂಪು ದಾರಿಯೇ ಮನೆಗಳ ದಾರಿ. ಯಾವಾಗ ಗುಡ್ಡಕ್ಕೆ ಬೆಂಕಿ ಬಿದ್ದು ಎಲ್ಲರನ್ನೂ ಇಳಿಸಬೇಕಾಗುತ್ತದೋ ಗೊತ್ತಿಲ್ಲದ್ದರಿಂದ, ಪ್ರತಿ ಮನೆಯ ಮೂಕಿಭಾರ ದಿನಾ ಕೊಠಡಿಗೆ ಬರಬೇಕು.

"ಮೂರನೇ ಸಾಲಿನ ಎರಡನೇ ಮನಿ ನೋಡವಾ, ಮೂಕಿ ನೆಲಕ್ಕ ಹತ್ತೈತಿ," ಎಂದ ನಜೀರ್, ಪಕ್ಕದ ಪರದೆಯಿಂದ ಕಣ್ಣು ತೆಗೆಯದೆ. ಅವನು ಅವಳಿಗಿಂತ ಹಿರಿಯ, ಗುಡ್ಡದಲ್ಲಿ ಅದಿರು ಇದ್ದ ಕಾಲವನ್ನೂ ಕಂಡವನು. "ಬೀಗರು ಬಂದಾರ. ಎಲ್ಲಾರ್ನೂ ಅಡಿಗಿಮನ್ಯಾಗ ಮಲಗಿಸ್ಯಾರ."

"ಮಂದಿ ಮನಿ ಸುದ್ದಿ ನಿಮಗ್ಯಾಕ ನಜೀರಣ್ಣ?"

"ಸರಕಾರ ಪಗಾರ ಕೊಡೂದ ಅದಕ್ಕಲ್ಲೇನ?"

ಹುಲಿಗೆಮ್ಮ ನಗಲಿಲ್ಲ. ಮೂಕಿಭಾರ ಇಳಿದಿದೆಯೆಂದರೆ ಮನೆಯ ಹಿಂಬದಿಗೆ ಭಾರ ಬಂದಿದೆಯೆಂದು ಅರ್ಥ. ಎಷ್ಟು ಇಳಿದಿದೆಯೆಂದು ನೋಡಿದರೆ ಆ ಭಾರ ಎಷ್ಟು, ಎಲ್ಲಿ ಎಂದು ಹೇಳಬಹುದು. ಅವಳಿಗೆ ಗುಣಿಸುವ ಅಗತ್ಯವೂ ಬೀಳಲಿಲ್ಲ. ಹಿಂದಿನ ಕಿಟಕಿಯ ಕೆಳಗೆ ಒಂದು ಅಗಲವಾದ ಹಲಗೆಯಿದೆ. ಹಗಲು ಅಲ್ಲಿ ಕೂತು ಹೊರಗೆ ನೋಡಬಹುದು, ರಾತ್ರಿ ಒಬ್ಬರು ಮಲಗಬಹುದು. ಅಲ್ಲಿ ಒಂದು ಆಳಿನ ಭಾರವಿತ್ತು. ತೆಳ್ಳಗೂ ಅಲ್ಲದ, ದಪ್ಪಗೂ ಅಲ್ಲದ ಒಂದು ಹೆಂಗಸಿನ ಭಾರ. ಹೆಚ್ಚುಕಡಿಮೆ ಅವಳದೇ.

ಚಹಾ ಆರಿತ್ತು. ಆದರೂ ಕುಡಿದಳು.

*

ಅವಳು ಗಂಡನನ್ನು ಬಿಟ್ಟದ್ದು ಯಾರಿಗೂ ಜಗಳವಾಗಿ ಕಂಡಿರಲಿಲ್ಲ. ಜಗಳ ಇದ್ದಿದ್ದರೆ ತಾನೆ ಕಾಣುವುದು. ಕಳೆದ ಬೇಸಿಗೆ ಗುಡ್ಡ ಹತ್ತುವಾಗ, ಮನೆಗಳ ಮುಂದೆ ಜನರನ್ನು ಕೂರಿಸಿಕೊಂಡು ಹೋಗುವ ಬಸ್ಸು ನೀರಿಗೆಂದು ನಿಯಂತ್ರಣ ಕೊಠಡಿಯ ಮುಂದೆ ನಿಂತಿತು. ಅವಳಿಗೆ ಅಲ್ಲಿ ಕೆಲಸ ಸಿಕ್ಕಿ ಕೆಲವು ದಿನಗಳಾಗಿದ್ದವು. ಮೆಟ್ಟಿಲಿನಿಂದ ದಿನಾ ಬಂದು ಹೋಗುವುದೆಂದು ಮಾತಾಗಿತ್ತು. ಅವಳು ಒಂದು ಚೀಲ ಹಿಡಿದು ಇಳಿದಳು, ಮತ್ತೆ ಹತ್ತಲಿಲ್ಲ.

"ನಾ ಇಲ್ಲೇ ಇರ್ತೀನಿ," ಎಂದಳು, ಕಿಟಕಿಯ ಕೆಳಗೆ ನಿಂತು.

ಪಂಪಾಪತಿ ಅವಳ ಕೈಯ ಚೀಲ ನೋಡಿದ. "ಊಟಕ್ಕ?" ಎಂದು ಕೇಳಿದ.

"ಇಲ್ಲೇ ಮಾಡ್ಕೋತೀನಿ."

ಬಸ್ಸು ಹೊರಟಿತು. ಅಷ್ಟೇ.

ಅವನು ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈಯೆತ್ತುವುದಿಲ್ಲ. ಮನೆಗಳಿಗೆ ಹೊದಿಸುವ ತಾಡಪಾಲು ಹೊಲಿಯುತ್ತಾನೆ. ಅವನ ಹೊಲಿಗೆ ಮಳೆಗೂ ಬಿಸಿಲಿಗೂ ಬಿಚ್ಚುವುದಿಲ್ಲವೆಂದು ಕೆಳಗಿನ ಸಾಲಿನವರೂ ಬಟ್ಟೆ ಹೊತ್ತು ಬರುತ್ತಾರೆ. ಮನೆಯ ಮುಂಬದಿಗೆ ಅವನ ಹೊಲಿಗೆ ಯಂತ್ರ. ಹಿಂಬದಿಗೆ ಅವಳ ಕಿಟಕಿ. ನಡುವೆ ಒಲೆ, ಮಂಚ, ನೀರಿನ ಡ್ರಮ್ಮು, ಮತ್ತೆ ಅವರಿಬ್ಬರೂ ಒಬ್ಬರಿಗೊಬ್ಬರು ಆಡದ ಮಾತು. ಅವನು ಒಂದು ತುದಿಯಲ್ಲಿ, ಅವಳು ಒಂದು ತುದಿಯಲ್ಲಿ ಕೂತು ವರ್ಷಗಟ್ಟಲೆ ಆ ಮನೆಯನ್ನು ಹದವಾಗಿ ನಿಲ್ಲಿಸಿದ್ದರು. ಪರೀಕ್ಷೆಗೆ ಬಂದವರು ಮೂಕಿಭಾರ ನೋಡಿ ಇಂಥ ಮನೆ ಇನ್ನೊಂದಿಲ್ಲ ಎನ್ನುತ್ತಿದ್ದರು. ಬಾಲದ ಜಾಗ ಸಿಕ್ಕಿದ್ದೂ ಅದಕ್ಕೇ. ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ಬ್ರೇಕ್ ಹಿಡಿಯಬೇಕಾದದ್ದು ಬಾಲದ ಮನೆ. ಹಿಂದಿನದು ಮೊದಲು ಹಿಡಿದರೆ ಮುಂದಿನವೆಲ್ಲ ಬಿಗಿಯಾಗಿ, ನೇರವಾಗಿ ಇಳಿಯುತ್ತವೆ.

ಅಲುಗಾಡದ ಗೋಡೆ ಬೇಕೆಂದು ಅವಳು ಇಳಿದದ್ದು. ಕೊಠಡಿಯ ಹಿಂದಿನ ವಸತಿ ಗಣಿಯ ಕಾಲದ ಕಲ್ಲುಕಟ್ಟಡ. ಗೋಡೆ ಮೊಳದಷ್ಟು ದಪ್ಪ. ಮೊದಮೊದಲು ಅದಕ್ಕೆ ಒರಗಿ ಕೂರುವುದೇ ಒಂದು ಸುಖವಾಗಿತ್ತು. ಆಮೇಲಾಮೇಲೆ ಒಂದು ವಿಷಯ ಅವಳ ಗಮನಕ್ಕೆ ಬಂತು. ಗಾಡಿಮನೆಯಲ್ಲಿ ಅವಳು ಮಗ್ಗುಲು ಬದಲಿಸಿದರೆ ಮನೆಗೆ ತಿಳಿಯುತ್ತಿತ್ತು. ನೀರಿನ ಡ್ರಮ್ಮಿನಲ್ಲಿ ಒಂದು ಅಲೆ ಏಳುತ್ತಿತ್ತು, ಮುಂಬದಿಯಲ್ಲಿ ಸೂಜಿಯ ಸದ್ದು ಒಂದು ಕ್ಷಣ ತಡೆಯುತ್ತಿತ್ತು. ಇಲ್ಲಿ ಎದ್ದರೂ, ಬಿದ್ದರೂ, ಅತ್ತರೂ ಕಲ್ಲಿಗೆ ಗೊತ್ತೇ ಆಗುವುದಿಲ್ಲ. ರೊಟ್ಟಿ ತಟ್ಟಿದರೆ ಎರಡು ಉಳಿಯುತ್ತಿದ್ದವು. ಹಿಟ್ಟು ಎಷ್ಟು ಕಡಿಮೆ ಮಾಡಿದರೂ ಎರಡು ಉಳಿಯುತ್ತಿದ್ದವು. ನಜೀರ್ ಅವನ್ನು ತಿಂದು, "ನನ್ನ ಹೇಣ್ತಿಗೆ ಹೇಳಬ್ಯಾಡ, ಆಕಿ ರೊಟ್ಟಿಗಿಂತ ಚಲೋ ಅದಾವ," ಎನ್ನುತ್ತಿದ್ದ.

ಮರುದಿನ ಬೆಳಿಗ್ಗೆಯೂ ಮೂಕಿಭಾರ ಹಾಗೇ ಇತ್ತು. ಅದರ ಮರುದಿನವೂ. ಬಂದವಳು ಉಳಿದಿದ್ದಳು.

*

ನೋಡಬಾರದೆಂದುಕೊಂಡೇ ಒಂದು ಸಂಜೆ ನಾಲ್ಕನೇ ಸಾಲಿನ ಮೇಲಿನ ಮೆಟ್ಟಿಲಿಗೆ ನಡೆದಳು. ಕೆಂಪು ಮಣ್ಣಿನ ಅಂಚಿನಲ್ಲಿ ನಿಂತರೆ ಕೆಳಗೆ ಎಂಟು ಮನೆಗಳ ತಾರಸಿ ಕಾಣುತ್ತದೆ. ಯಾರೋ ಹಪ್ಪಳ ಒಣಗಿಸಿದ್ದರು. ಯಾರದೋ ಮಗು ಮೂಕಿಯ ಮೇಲೆ ಕುದುರೆ ಮಾಡಿಕೊಂಡು ಕೂತಿತ್ತು. ಕೊನೆಯ ಮನೆಯ ಹಿಂದಿನ ಕಿಟಕಿಗೆ ಪರದೆ ಎಳೆದಿತ್ತು.

ಆ ಕಿಟಕಿಗೆ ಪರದೆಯೇ ಇರಲಿಲ್ಲ. ಅವಳಿದ್ದಾಗ ಅದಕ್ಕೆ ಪರದೆ ಬೇಡವೆಂದವಳು ಅವಳೇ. ಈಗ ತಾಡಪಾಲಿನ ಬಟ್ಟೆ, ಅಂಚಿಗೆ ಎರಡು ಸಾಲು ಹೊಲಿಗೆ. ದೂರದಿಂದ ಹೊಲಿಗೆ ಕಾಣುವುದಿಲ್ಲ, ನಿಜ. ಅವಳಿಗೆ ಕಂಡಿತು.

"ಯಾರದು? ಹುಲಿಗೆಮ್ಮೇನ?"

ನಾಲ್ಕನೇ ಸಾಲಿನ ಬಸ್ಸಿನ ಉಸ್ತುವಾರಿ ಹೊನ್ನವ್ವ ಕಟ್ಟಿಗೆಯ ಹೊರೆ ಹೊತ್ತು ಬರುತ್ತಿದ್ದಳು. ಇಳಿಯುವ ದಿನ ತಲೆ ಎಣಿಸಿ ಎಲ್ಲರನ್ನೂ ಬಸ್ಸಿಗೆ ಹತ್ತಿಸುವ ಜವಾಬ್ದಾರಿ ಅವಳದು.

"ಇಲ್ಲೀತನಕ ಬಂದಾಕಿ ಕೆಳಗ ಬರ್ಬಾರ್ದ? ನಿನ್ನ ಗಂಡ ಏನ್ ಹುಲಿನಾ?"

"ಗಾಳಿಗೆ ಬಂದಿದ್ನಿ ಬಿಡಬೇ."

"ಹ್ಞೂಂ, ನಿಮ್ಮ ಕಡಿ ಗಾಳಿ ಇಲ್ಲ ನೋಡು." ಹೊನ್ನವ್ವ ಹೊರೆ ಇಳಿಸಿ ಕೂತಳು. "ಆತ ಮೊದಲs ಮಾತು ಕಡಿಮಿ. ಈಗ ಅದೂ ಇಲ್ಲ. ಸಂತ್ಯಾಗಷ್ಟ ಕಾಣ್ತಾನ. ಹ್ವಾದ ವಾರ ಜ್ವಾಳ ತಂದ, ಈ ವಾರಾನೂ ಜ್ವಾಳ. ಒಬ್ಬಾವಗ ಎಷ್ಟ ಬೇಕಾಗ್ತಾವ ನೀನs ಹೇಳು?"

ಎರಡು ಬಾಯಿಗೆ ಎಷ್ಟು ಬೇಕಾಗುತ್ತದೆಂದು ಹುಲಿಗೆಮ್ಮನಿಗೆ ಗೊತ್ತಿತ್ತು.

ವಾಪಸ್ಸು ಬರುವಾಗ ದಾರಿ ಏರು ಅನ್ನಿಸಿತು. ಅದು ಇಳಿಜಾರು.

*

ಬಯಲಿನಲ್ಲಿ ಮೊದಲ ಮಳೆ ಬಿದ್ದು ನೆಲ ತಣಿಯಿತೆಂದು ಸುದ್ದಿ ಬಂದ ಮೇಲೆ ಸಾಲುಗಳು ಇಳಿಯತೊಡಗಿದವು. ನಾಲ್ಕನೆಯದರ ಸರದಿ ಒಂದು ನಡುಹಗಲು.

ಇಳಿಯುವಾಗ ಮನೆಗಳಲ್ಲಿ ಯಾರೂ ಇರುವಂತಿಲ್ಲ. ಜನರೆಲ್ಲ ಬಸ್ಸಿನಲ್ಲಿ ಮುಂದೆ. ಅದರ ಹಿಂದೆ ಚಾಲಕನಿಲ್ಲದ ಟ್ರ್ಯಾಕ್ಟರು. ಟ್ರ್ಯಾಕ್ಟರಿಗೆ ಕೊಂಡಿ ಹಾಕಿ ಒಂದರ ಹಿಂದೊಂದು ಎಂಟು ಮನೆಗಳು. ಮನೆ ಬರಿದಾಗಿ ಹೋಗಬಾರದೆಂದು ಹೆಂಗಸರು ದೇವರಗೂಡಿನ ಮುಂದೆ ಒಂದು ಸೇರು ಜೋಳ ತುಂಬಿಟ್ಟು ಇಳಿಯುತ್ತಾರೆ. ಜೋಳ ಇದೆ, ಆದ್ದರಿಂದ ಮನೆಯಲ್ಲಿ ಯಾರೋ ಇದ್ದ ಹಾಗೆ. ಒಂದು ಸೇರಿನಿಂದ ಮೂಕಿಗೇನೂ ಆಗುವುದಿಲ್ಲವಾದ್ದರಿಂದ ಕೊಠಡಿಯವರೂ ಅದಕ್ಕೆ ಅಡ್ಡ ಬಂದಿರಲಿಲ್ಲ.

ಹೊರಡುವ ಮುಂಚೆ ಪ್ರತಿ ಮನೆಯ ಮೂಕಿಭಾರ ಇನ್ನೊಮ್ಮೆ ಬರುತ್ತದೆ, ಜನ ಇಳಿದ ಮೇಲಿನದು. ಏಳು ಮನೆಗಳೂ ಹಸಿರು. ಎಂಟನೆಯದು ಹಳದಿ. ಪಂಪಾಪತಿಯ ಮನೆ ಇನ್ನೂ ಹಿಂಭಾರವಾಗಿತ್ತು.

ಹಳದಿ ಬಂದರೆ ಆಳು ಕಳಿಸಿ ಒಳಗೆ ನೋಡಿಸಬಹುದು. ಸಣ್ಣ ವ್ಯತ್ಯಾಸವೆನಿಸಿದರೆ ಕೂತವರೇ ಒಪ್ಪಬಹುದು. ಆ ಬಂದವಳ ಸಾಮಾನಿರಬೇಕು ಎಂದುಕೊಂಡಳು ಹುಲಿಗೆಮ್ಮ. ಟ್ರಂಕು, ಸೀರೆಗಂಟು, ತವರಿಂದ ತಂದ ಪಾತ್ರೆ. ನೋಡಲು ಹೋದವನು ಒಂದೊಂದಾಗಿ ಮೈಕಿನಲ್ಲಿ ಓದಿ ಹೇಳುತ್ತಾನೆ. ನಜೀರಣ್ಣ ಬಾಯಿ ಮುಚ್ಚಿಕೊಂಡು ಕೇಳುತ್ತಾನೆ. ಮರುಕಪಟ್ಟು, ತನ್ನ ಕಡೆ ನೋಡದೆ ಇರುತ್ತಾನೆ. ಆ ನೋಡದಿರುವುದನ್ನು ತಾಳುವುದು ಅವಳಿಂದಾಗದು.

ಒಪ್ಪಿಗೆಯ ಗುಂಡಿ ಒತ್ತಿದಳು.

ಮೊದಲ ಎರಡು ತಿರುವು ಸರಾಗವಾಗಿ ಹೋದವು. ಮೂರನೆಯದು ದಾಟಿ ದಾರಿ ಕಡಿದಾದಾಗ ಬಾಲದ ಮನೆ ಎಡಕ್ಕೊಮ್ಮೆ ವಾಲಿ ನೆಟ್ಟಗಾಯಿತು. ಆಮೇಲೆ ಬಲಕ್ಕೆ. ಯಂತ್ರ ತಾನಾಗಿಯೇ ಒಂದೊಂದು ಚಕ್ರವನ್ನು ಹಿಡಿದು ಬಿಟ್ಟು ಅದನ್ನು ಸಂಭಾಳಿಸಿತು. ಮತ್ತೆ ಎಡಕ್ಕೆ, ಈ ಸಲ ಇನ್ನಷ್ಟು ಅಗಲವಾಗಿ. ಪರದೆ ಕೆಂಪಾಗಿ, ಅದರ ಮೇಲೆ ಅಕ್ಷರ ಮೂಡಿತು: ಹಿಂಭಾರ. ಒಳಗೆ ಆಳು ಇರುವ ಸಂಭವ.

"ಯಾ ಅಲ್ಲಾ," ಎಂದು ನಜೀರ್ ಎದ್ದು ನಿಂತ. "ಟ್ರ್ಯಾಕ್ಟರ್ ಬ್ರೇಕ್ ಹಾಕು!"

"ಬ್ಯಾಡ."

"ಹಾಕs ಅಂತೀನಿ!"

"ಮುಂದಿಂದು ಹಿಡಿದ್ರ ಹಿಂದಿನವು ಮೈಮ್ಯಾಲೆ ಬರ್ತಾವ ನಜೀರಣ್ಣ. ಮಡಚಿಕೊಂಡು ಬಸ್ಸಿನ ಮ್ಯಾಲೆ ಹೋಗ್ತಾವ." ಅವಳ ಕೈ ಆಗಲೇ ಬಾಲದ ಮನೆಯ ಬ್ರೇಕಿನ ಮೇಲಿತ್ತು. ಅದೊಂದನ್ನೇ ಹಿಡಿದು, ಟ್ರ್ಯಾಕ್ಟರಿಗೆ ಕೂದಲೆಳೆಯಷ್ಟು ವೇಗ ಕೊಟ್ಟಳು. ಸಾಲು ಹಗ್ಗ ಜಗ್ಗಿದ ಹಾಗೆ ಬಿಗಿಯಾಯಿತು. ಬಾಲ ಬೀಸುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಒಂದೇ ಮನೆ ಏಳು ಮನೆಗಳ ಭಾರವನ್ನು ಹಿಡಿದು ನಿಂತಿತ್ತು. ಅದರ ಚಕ್ರಗಳ ಬಿಸಿ ಏರುತ್ತಿತ್ತು. ಕಾದು ಕೆಂಪಾದ ಬ್ರೇಕು ಸ್ವಲ್ಪ ಹೊತ್ತಿಗೆ ಹಿಡಿಯುವುದನ್ನೇ ಬಿಡುತ್ತದೆ.

ಕೊನೆಯ ಉಪಾಯ ಒಂದೇ. ಮುಂದೆ ಆರನೇ ತಿರುವಿನ ಪಕ್ಕ ಬ್ರೇಕು ಹೋದ ಅದಿರಿನ ಲಾರಿಗಳಿಗೆಂದು ಮಾಡಿದ ಮರಳಿನ ಏರು ಇದೆ. ಬಾಲದ ಕೊಂಡಿ ಬಿಚ್ಚಿದರೆ ಮನೆ ಅಲ್ಲಿಗೆ ನುಗ್ಗಿ ಹೂತು ನಿಲ್ಲುತ್ತದೆ. ಗೋಡೆ ಉಳಿದರೂ ಒಳಗಿನದು ಉಳಿಯುವುದಿಲ್ಲ. ಆದ್ದರಿಂದಲೇ ಕೊಂಡಿ ಸುಮ್ಮನೆ ಬಿಚ್ಚುವುದಿಲ್ಲ. ಒಂದು ಬೇಸಿಗೆಯಲ್ಲಿ ಬಸ್ಸೆಂದರೆ ವಾಂತಿ ಮಾಡುವ ಮುದುಕಿಯನ್ನು ಮನೆಮಂದಿಯೇ ಮಂಚದ ಕೆಳಗೆ ಬಚ್ಚಿಟ್ಟು ಇಳಿಸಿದ್ದರು. ಅಂದಿನಿಂದ ಯಜಮಾನನ ಮಾತಷ್ಟೇ ಸಾಲದು. ಪರದೆಯ ಮುಂದೆ ಕೂತವರು ತಾವೇ ಖಾತ್ರಿ ಮಾಡಿಕೊಂಡು ತಮ್ಮ ದನಿಯಲ್ಲಿ ಒಂದು ವಾಕ್ಯ ಹೇಳಬೇಕು: ಈ ಮನೆಯಲ್ಲಿ ಯಾರೂ ಇಲ್ಲ. ಆ ದನಿ ಕೇಳಿದರೆ ಮಾತ್ರ ಕೊಂಡಿ ತೆರೆಯುತ್ತದೆ.

"ಹೊನ್ನವ್ವ," ಎಂದಳು ಮೈಕಿಗೆ, "ತಲಿ ಎಣಿಸಿದ್ದೇನು?"

"ಎಲ್ಲಾರೂ ಅದಾರವ್ವ, ಪಟ್ಟಿ ಪ್ರಕಾರ. ಯಾಕ? ಏನಾತು?"

ಪಟ್ಟಿಯಲ್ಲಿಲ್ಲದವಳನ್ನು ಹೊನ್ನವ್ವ ಎಲ್ಲಿಂದ ಎಣಿಸುತ್ತಾಳೆ?

"ಅವರಿಗೆ ಕೊಡು."

ಯಾರಿಗೆಂದು ಹೊನ್ನವ್ವ ಕೇಳಲಿಲ್ಲ. ಬಸ್ಸಿನ ಗದ್ದಲ ಒಮ್ಮೆಲೇ ಅಡಗಿತು. ಒಂದು ವರ್ಷದ ಮೇಲೆ ಅವಳು ಗಂಡನೊಡನೆ ಆಡುತ್ತಿದ್ದ ಮೊದಲ ಮಾತನ್ನು ಇಡೀ ನಾಲ್ಕನೇ ಸಾಲು ಕಿವಿಗೊಟ್ಟು ಕೇಳುತ್ತಿತ್ತು.

"ಮನ್ಯಾಗ ಯಾರಾದ್ರೂ ಅದಾರೇನ್ರಿ?"

ನಾಲ್ಕನೇ ತಿರುವು ಹತ್ತಿರ ಬರುತ್ತಿತ್ತು.

"ಇಲ್ಲ," ಎಂದಿತು ಪಂಪಾಪತಿಯ ದನಿ.

"ಇಲ್ಲ ಅನ್ನಾಕ ಇಷ್ಟ ಹೊತ್ತ ಬೇಕೇನು? ಖರೇ ಹೇಳ್ರಿ. ನಾ ಏನೂ ಅನ್ನಂಗಿಲ್ಲ."

"ಯಾರೂ ಇಲ್ಲ, ಹುಲಿಗಿ. ಯಾರೂ ಬಂದಿಲ್ಲ."

ನಂಬಬೇಕೆನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಹೆದರಿಕೆಯಾಯಿತು. ಆ ಮನೆಯಲ್ಲಿ ಯಾರೂ ಇರಬಾರದೆಂದು ತಾನು ಎಷ್ಟು ಬೆಳಿಗ್ಗೆಗಳಿಂದ ಬಯಸುತ್ತಿದ್ದಾಳೆ. ಅದನ್ನೇ ಈಗ ಬಾಯಿಬಿಟ್ಟು ಹೇಳಿದರೆ ಕೊಂಡಿ ತೆರೆದುಕೊಳ್ಳುತ್ತದೆ. ಹಲಗೆಯ ಮೇಲೆ ಒಬ್ಬ ಹೆಂಗಸು ಕಿಟಕಿಯ ಸರಳು ಹಿಡಿದು ಕೂತಿದ್ದರೆ? ಯಾರೆಂದೇ ತಿಳಿಯದ, ತನ್ನಷ್ಟೇ ತೂಕದ ಹೆಂಗಸು?

ಬಯಸಿದ್ದನ್ನಲ್ಲ, ಕಂಡದ್ದನ್ನು ಹೇಳಬೇಕು. ಅವಳು ಮೂಕಿಭಾರದ ಗೆರೆಯ ಮೇಲೆ ಕಣ್ಣು ನೆಟ್ಟಳು. ನಿಂತ ಮನೆ ದಿನಕ್ಕೊಮ್ಮೆ ಮಾತ್ರ ತೂಕ ಹೇಳುತ್ತದೆ. ಓಡುವ ಮನೆಯ ಗೆರೆ ಬಿಡದೆ ಬರೆಯುತ್ತಲೇ ಇರುತ್ತದೆ.

ಬದುಕಿರುವ ಭಾರ ತಿರುವಿಗೆ ಮೊದಲೇ ಅಲುಗುತ್ತದೆ. ಕಿಟಕಿಯಲ್ಲಿ ತಿರುವು ಕಾಣುತ್ತದೆ, ಮೈ ತಾನಾಗಿ ಬಿಗಿಯುತ್ತದೆ, ಕೈ ಏನನ್ನಾದರೂ ಹಿಡಿಯುತ್ತದೆ. ಜೀವವಿಲ್ಲದ್ದು ತಿರುವಾದ ಮೇಲೆ ಜಾರುತ್ತದೆ.

ನಾಲ್ಕನೇ ತಿರುವು. ಗೆರೆ ನೆಟ್ಟಗಿತ್ತು. ಮನೆ ಹೊರಳಿತು. ಆಮೇಲೆ ಗೆರೆ ಕುಗ್ಗಿತು.

"ತಡಾ ಆಗಿ ಅಲುಗಿತು," ಎಂದ ನಜೀರ್ ಪಿಸುದನಿಯಲ್ಲಿ. "ಆಳಲ್ಲ ಅದು."

"ನಿದ್ದಿ ಹತ್ತಿರಬೌದು. ಜ್ವರ ಬಂದು ಬಿದ್ದಿರಬೌದು."

"ಬ್ರೇಕ್ ಹೊಗಿ ಬಿಡಾಕತ್ತೈತವ್ವ!"

"ಇನ್ನೊಂದು ತಿರುವು."

ಕ್ಯಾಮೆರಾದಲ್ಲಿ ಬಾಲದ ಚಕ್ರಗಳಿಂದ ನೀಲಿ ಹೊಗೆ ಏಳುತ್ತಿತ್ತು. ಪರದೆಯ ಬಟ್ಟೆ ಕಿಟಕಿಯಾಚೆ ಹಾರಿ ಬಡಿಯುತ್ತಿತ್ತು; ಅದರ ಹಿಂದೆ ಏನಿದೆಯೋ ಕಾಣುತ್ತಿರಲಿಲ್ಲ. ಐದನೇ ತಿರುವು ಬಂತು. ಗೆರೆ ಮತ್ತೆ ನೆಟ್ಟಗಿದ್ದು, ಮನೆ ಹೊರಳಿದ ಮೇಲೆ ಜಾರಿತು. ಜಾರಿ, ಒಂದು ಹಂತಕ್ಕೆ ಹೋಗಿ, ಗಕ್ಕನೆ ನಿಂತು, ಇದ್ದ ಜಾಗಕ್ಕೇ ಮರಳಿತು. ಎರಡು ಕಡೆಯಿಂದಲೂ ಹಗ್ಗ ಬಿಗಿದು ಕಟ್ಟಿದ್ದರೆ ಮಾತ್ರ ಹಾಗೆ ಮರಳುತ್ತದೆ.

ಮನುಷ್ಯರನ್ನು ಯಾರೂ ಹಾಗೆ ಕಟ್ಟುವುದಿಲ್ಲ.

ಹುಲಿಗೆಮ್ಮ ಮೈಕಿನ ಹತ್ತಿರ ಬಾಗಿದಳು. ಬಸ್ಸಿನ ತಂತಿ ಇನ್ನೂ ತೆರೆದೇ ಇದೆಯೆಂದು ಅವಳಿಗೆ ಗೊತ್ತಿತ್ತು.

"ಈ ಮನೆಯಲ್ಲಿ ಯಾರೂ ಇಲ್ಲ," ಎಂದಳು.

ಕೊಂಡಿ ತೆರೆಯಿತು. ಮನೆ ಒಂದು ಕ್ಷಣ ಸಾಲಿನ ಹಿಂದೆಯೇ ಓಡಿಬಂದು, ಹಿಡಿಯುವವರು ಯಾರೂ ಇಲ್ಲವೆಂದು ತಿಳಿದ ಹಾಗೆ ತಡೆದು, ಆರನೇ ತಿರುವಿನಲ್ಲಿ ದಾರಿ ಬಿಟ್ಟು ಮರಳಿನ ಏರಿಗೆ ನುಗ್ಗಿತು. ಕೆಂಪು ಮರಳು ಮೇಲೆದ್ದು ಕ್ಯಾಮೆರಾ ಮುಚ್ಚಿತು. ಉಳಿದ ಏಳು ಮನೆಗಳು ನೇರವಾಗಿ, ಸದ್ದಿಲ್ಲದೆ, ಬಸ್ಸಿನ ಹಿಂದೆ ಇಳಿದು ಹೋದವು.

*

ಅವಳು ಜೀಪಿನಲ್ಲಿ ಇಳಿದು ಬರುವಷ್ಟರಲ್ಲಿ ಅವನು ನಡೆದು ಹತ್ತಿ ಬಂದಿದ್ದ. ಬಸ್ಸು ನಿಲ್ಲಿಸಿ ಇಳಿದನೆಂದೂ, ಯಾರ ಮಾತೂ ಕೇಳಲಿಲ್ಲವೆಂದೂ ಹೊನ್ನವ್ವ ಆಮೇಲೆ ಹೇಳಿದಳು.

ಮನೆ ಚಕ್ರ ಮುಳುಗುವಷ್ಟು ಹೂತು ನಿಂತಿತ್ತು. ಇಬ್ಬರೂ ಬಾಗಿಲಲ್ಲಿ ನಿಂತರು. ಒಳಗೆ ದೇವರಗೂಡು ಬಿದ್ದಿತ್ತು, ಡ್ರಮ್ಮು ಒಡೆದು ನೀರು ನೆಲಕ್ಕೆ ಹರಿದಿತ್ತು, ಹೊಲಿಗೆ ಯಂತ್ರ ಮಗುಚಿತ್ತು. ಹಿಂದಿನ ಕಿಟಕಿಯ ಕೆಳಗಿನ ಹಲಗೆಯ ಮೇಲೆ ಮಾತ್ರ ಒಂದು ಉದ್ದನೆಯ ಚೀಲ ಅಲುಗದೆ ಇತ್ತು. ತಾಡಪಾಲಿನ ಬಟ್ಟೆ, ಎರಡು ಸಾಲು ಹೊಲಿಗೆ. ಆ ಕಡೆ ಈ ಕಡೆ ಹಗ್ಗ. ಒಂದು ಮೂಲೆ ಹರಿದು ಬಿಳಿಜೋಳ ಸುರಿಯುತ್ತಿತ್ತು. ಚೀಲದ ಕೆಳಗೆ ಅವಳು ಬಿಟ್ಟುಹೋದ ಕೌದಿ ಹಾಸಿತ್ತು.

ಅವಳು ಚೀಲದ ಕಡೆ ಕೈ ಮಾಡಿದಳು.

"ಇದೇನಿದು?"

"ಜ್ವಾಳ."

"ಕಾಣ್ತೈತಿ. ಯಾಕ?"

ಅವನು ಹಣೆಯ ಮರಳು ಒರೆಸಿಕೊಂಡ. "ದಿನಾ ಮುಂಜಾನೆ ನಿಮ್ಮಲ್ಲಿಗೆ ತೂಕ ಬರ್ತೈತಲ್ಲ."

"ಬರ್ತೈತಿ."

"ನೀ ನೋಡ್ತೀ ಅಂತ ಗೊತ್ತಿತ್ತು."

ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆದ ಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ನಿನ್ನ ಜಾಗ ಹಂಗs ಐತಿ ಅಂತ," ಎಂದ ಅವನು. "ಹೇಳಬೇಕಾಗಿತ್ತು. ಬಂದು ಹೇಳಾಕ ಬರಲಿಲ್ಲ ನನಗ. ಸಂತಿ ತಕ್ಕಡ್ಯಾಗ ನಿನ್ನಷ್ಟ ತೂಗಿಸಿ ಇಟ್ಟೆ."

"ನಾನು ಯಾರೋ ಬಂದಾರ ಅಂದ್ಕೊಂಡೆ."

ಅವನು ಅವಳ ಕಡೆ ತಿರುಗಿ ನೋಡಿದ. ಆ ಸಾಧ್ಯತೆ ಅವನ ತಲೆಗೆ ಹೊಳೆದೇ ಇರಲಿಲ್ಲವೆಂಬುದು ಮುಖದಲ್ಲಿ ಕಾಣುತ್ತಿತ್ತು. "ಯಾರು ಬರ್ತಾರ?" ಎಂದ.

"ಪರದಿ ಯಾಕ ಹಾಕಿದ್ರಿ ಮತ್ತ?"

"ಹುಡುಗ್ರು ಇಣುಕಿ ನೋಡಿ ನಗ್ತಿದ್ರು."

"ಇಳಿಯೋ ದಿನ ತಗೀಬೇಕಿತ್ತಲ್ಲ. ಹಿಂಭಾರ ಆಗ್ತೈತಿ ಅಂತ ಗೊತ್ತಿಲ್ಲೇನು? ನಾನು ಈ ಮನ್ಯಾಗ ಇದ್ದಾಗೂ ಇಳಿಯೋ ದಿನ ಬಸ್ಸಿನ್ಯಾಗ ಇರ್ತಿದ್ನಿ."

"ತಗೀಬೇಕು ಅಂತ ಎತ್ತಿದ್ನಿ. ತಗೊಂಡ್ರ ಇವತ್ತ ನೀ ನೋಡಿದಾಗ ಜಾಗ ಖಾಲಿ ಕಾಣ್ತೈತಿ ಅನ್ನಿಸ್ತು. ಮತ್ತ ಕಟ್ಟಿದೆ."

"ನಾ ಮೈಕಿನ್ಯಾಗ ಕೇಳಿದಾಗಾದ್ರೂ ಹೇಳಬೇಕಲ್ರಿ!"

"ಅಷ್ಟ ಮಂದಿ ಮುಂದ? ಹೇಣ್ತಿ ತೂಕದ ಜ್ವಾಳ ಕಟ್ಟೀನಿ ಅಂತ?" ಅವನ ದನಿ ಮೊದಲ ಸಲ ಏರಿತು, ತಕ್ಷಣ ಇಳಿಯಿತು. "ನೀನs ಹೇಳಿದೆಲ್ಲ. ಯಾರೂ ಇಲ್ಲ ಅಂತ."

ಅದು ದೂರುವ ದನಿಯಾಗಿರಲಿಲ್ಲ. ಕೇಳಿದ್ದನ್ನು ಹೇಳಿದ್ದನಷ್ಟೇ. ಅವಳು ಹಳದಿ ದೀಪಕ್ಕೆ ಒಪ್ಪಿಗೆ ಕೊಟ್ಟದ್ದನ್ನು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮರಳಿನಿಂದ ಮನೆ ಎಳೆಯುವವರ ಗಾಡಿ ಬಂತು, ಹಗ್ಗ, ಸರಪಳಿ, ಕೂಗಾಟ. ಹೇಳುವುದು ಹಾಗೇ ಉಳಿಯಿತು. ಅವರಿಬ್ಬರ ನಡುವೆ ಉಳಿದದ್ದು ಅದೊಂದೇ ಏನಲ್ಲ.

*

ಸಂಜೆಯ ಹೊತ್ತಿಗೆ ಮನೆಯನ್ನು ಎಳೆದು ತಿರುವಿನ ಪಕ್ಕದ ಸಮ ನೆಲದ ಮೇಲೆ ನಿಲ್ಲಿಸಿದರು. ಹೊಸ ಕೊಂಡಿ, ಹೊಸ ಬ್ರೇಕು ಬರುವವರೆಗೆ ಅಲ್ಲೇ. ಸಾಲೆಲ್ಲ ಬಯಲು ಸೇರಿತ್ತು. ಅವನೊಬ್ಬ ಮನೆಯ ಜೊತೆ ಉಳಿದ. ಹುಲಿಗೆಮ್ಮ ನಡೆದದ್ದನ್ನೆಲ್ಲ, ಹಳದಿ ದೀಪವನ್ನೂ ಸೇರಿಸಿ, ಮೇಲಿನವರಿಗೆ ಹೇಳಿದಳು. ನಾಡಿದ್ದು ಬಂದು ವಿಚಾರಿಸುತ್ತೇವೆಂದರು.

ಬೆಳಕು ಹರಿಯುವ ಹೊತ್ತಿಗೆ ತೂಕ ಬಂತು. ಮೆಟ್ಟಿಲುಗಳು ಬಹುಪಾಲು ಬರಿದಾಗಿದ್ದರಿಂದ ಪರದೆಯ ಮೇಲೆ ಮನೆಗಳೇ ಕಡಿಮೆ. ಎಲ್ಲಕ್ಕಿಂತ ಕೆಳಗೆ, ಸಾಲಿಲ್ಲದ ಒಂದು ಮನೆ.

ಅದರ ಮೂಕಿಭಾರ ತೀರ ಇಳಿದಿತ್ತು. ಜೋಳವನ್ನು ನಿನ್ನೆಯೇ ಇಳಿಸಿದ್ದರು, ಅವಳ ಕಣ್ಣೆದುರಿಗೇ. ಇದು ಜೋಳದ ಭಾರವಲ್ಲ, ಅದಕ್ಕಿಂತ ಹೆಚ್ಚು. ಮುಂಬದಿಯಲ್ಲಿ ಯಾರೂ ಇಲ್ಲ. ಅವನು ಹಿಂದಿನ ಹಲಗೆಯ ಮೇಲೆ ಮಲಗಿದ್ದ, ಅವಳ ಜಾಗದಲ್ಲಿ.

ತೂಕ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಮೇಲಿನಿಂದ ಕೆಳಕ್ಕೆ ಏನನ್ನೂ ಕಳಿಸಲು ಆ ಯಂತ್ರದಲ್ಲಿ ದಾರಿಯಿಲ್ಲ. ಅಂಥದ್ದೊಂದು ಬೇಕಾದೀತೆಂದು ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ.

"ನಜೀರಣ್ಣ, ಇಲ್ಲೇ ಹೋಗಿ ಬರ್ತೀನಿ. ಆ ಮನಿ ತೂಕ ಸ್ವಲ್ಪ ಹೊತ್ತು ಬಿಡದಂಗ ಬರೂಹಂಗ ಮಾಡ್ರಿ."

"ಪರೀಕ್ಷಾಕ್ಕೇನು?"

"ಹ್ಞೂಂ. ಪರೀಕ್ಷಾಕ್ಕ."

ಅವಳು ದಾರಿ ಬಳಸದೆ ಗಣಿಯ ಮೆಟ್ಟಿಲುಗಳನ್ನೇ ಇಳಿದು ಹೋದಳು. ಬಾಗಿಲು ಮುಚ್ಚಿತ್ತು. ಹಿಂದಿನ ಕಿಟಕಿಯ ಪರದೆ ಕಿತ್ತುಹೋಗಿತ್ತು. ಅತ್ತ ಹೋದರೆ ಅವನು ಕಾಣುತ್ತಾನೆ. ಅವಳು ಹೋಗಲಿಲ್ಲ. ಕರೆಯಲಿಲ್ಲ, ತಟ್ಟಲಿಲ್ಲ. ಕರೆದರೆ ಏನು ಹೇಳಬೇಕೆಂದು ತಿಳಿದಿರಲಿಲ್ಲ, ಅವನಿಗೂ ತಿಳಿದಿರುವುದಿಲ್ಲ. ಮನೆಯ ಮುಂದಕ್ಕೆ ಬಂದು, ಕೊಂಡಿ ಕಳಚಿದ ಮೂಕಿಯ ಮೇಲೆ, ಮನೆಗೆ ಬೆನ್ನು ಕೊಟ್ಟು ಕೂತಳು.

ಕಬ್ಬಿಣ ತಣ್ಣಗಿತ್ತು. ಅವಳ ಭಾರಕ್ಕೆ ಮೂಕಿ ಒಂದಿಷ್ಟು ತಗ್ಗಿತು. ಮನೆ ತನ್ನ ಅಚ್ಚಿನ ಮೇಲೆ ಮೆಲ್ಲನೆ ಹೊರಳಿ, ಹಿಂಬದಿ ಒಂದಿಷ್ಟು ಎದ್ದು, ಸಮವಾಗಿ ನಿಂತಿತು. ಮೇಲೆ ಕೊಠಡಿಯಲ್ಲಿ ಆ ಗೆರೆ ಹಸಿರಾಗಿರಬೇಕು. ನಜೀರಣ್ಣ ನೋಡುತ್ತಿರಬೇಕು.

ಒಳಗೆ ಹಲಗೆ ಕಿರುಗುಟ್ಟಿತು. ಅವನಿಗೆ ಎಚ್ಚರವಾಗಿತ್ತು.

ಅವನು ಎದ್ದು ಬರಬಹುದೆಂದು ಅವಳು ಕಾದಳು. ಎದ್ದರೆ ತಿಳಿಯುತ್ತದೆ, ಮೂಕಿ ಇನ್ನಷ್ಟು ತಗ್ಗುತ್ತದೆ. ತಗ್ಗಲಿಲ್ಲ. ಮೂಕಿ ಮೇಲಕ್ಕೇಳಲೂ ಇಲ್ಲ. ಇಡೀ ಮನೆಯ ಉದ್ದವನ್ನು ನಡುವೆ ಇಟ್ಟುಕೊಂಡು, ಒಂದು ತುದಿಯಲ್ಲಿ ಅವನು, ಒಂದು ತುದಿಯಲ್ಲಿ ಅವಳು, ಯಾರೂ ಕದಲದೆ ಕೂತಿದ್ದರು. ಕೆಳಗೆ ಬಯಲಿನ ಮೇಲೆ ಬಿಸಿಲು ಏರತೊಡಗಿತ್ತು.